ತಟ್ಟೆ ಮನೆಯದು, ಹಾಡು ಯಾರದು?

ಗುಬ್ಬಿಯ ಹಳೆಯ ಬೀದಿಯೊಂದರಲ್ಲಿ ತೊಟ್ಟಿಯ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರಿಗೆ ಎಂಬತ್ತು ದಾಟಿದೆ. ಮಗ ತುಮಕೂರಿನಲ್ಲಿ ವಕೀಲರು. ಮಗಳನ್ನು ಕುಣಿಗಲಿಗೆ ಕೊಟ್ಟಿದೆ. ದೀಪಾವಳಿಗೆಂದು ಎಲ್ಲರೂ ಕೂಡಿದ್ದಾರೆ. ಸುಣ್ಣ ಬಳಿಯುವ ಸಲುವಾಗಿ ಅಟ್ಟದಿಂದ ಇಳಿಸಿದ ತಗಡಿನ ಪೆಟ್ಟಿಗೆಯೊಳಗೆ, ಹಳೆಯ ಪಂಚಾಂಗಗಳ ಅಡಿಯಲ್ಲಿ, ಕಂದು ಕಾಗದದ ಚೀಲಗಳಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟು ಗ್ರಾಮಾಫೋನ್ ತಟ್ಟೆಗಳು ದೊರೆತಿವೆ. ಎರಡು ಸೀಳು ಬಿಟ್ಟಿವೆ. ಒಂದರ ಅಂಚು ಮುಕ್ಕಾಗಿದೆ. ಉಳಿದವುಗಳ ಮೇಲೆ ಬೂಷ್ಟು.

"ತಾತ, ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಬಿಡುತ್ತೇನೆ. ಅತ್ತೆಗೂ ಒಂದು ಪ್ರತಿ ಕಳಿಸುತ್ತೇನೆ, ನಮ್ಮ ಕಾಲೇಜಿನವರಿಗೆಲ್ಲ ಹಂಚುತ್ತೇನೆ" ಎನ್ನುತ್ತಾನೆ ಮೊಮ್ಮಗ.

"ಇಳಿಸಿಕೊಳ್ಳಪ್ಪ, ಬೇಡವೆಂದವರು ಯಾರು? ಹಂಚುವುದಕ್ಕೆ ಮುಂಚೆ ಮಾತ್ರ ಸ್ವಲ್ಪ ನಿಲ್ಲು. ತಟ್ಟೆ ನಮ್ಮದು, ಹಾಡು ನಮ್ಮದಲ್ಲ" ಎನ್ನುತ್ತಾರೆ ತಂದೆ.

ವೃದ್ಧರಿಗೆ ಸಿಟ್ಟು ಬರುತ್ತದೆ. "ದುಡ್ಡು ತೆತ್ತು ತಂದವರು ನಮ್ಮಪ್ಪ. ಇಷ್ಟು ವರ್ಷ ಕಾಪಾಡಿದ್ದು ಈ ಮನೆ. ಹಾಡು ಇನ್ನಾರದೋ ಹೇಗಾಯಿತು?"

ಈ ವಾದ ಆ ಒಂದು ಮನೆಗೆ ಸೇರಿದುದಲ್ಲ. ಅಟ್ಟದ ಮೇಲೆ ಗ್ರಾಮಾಫೋನ್ ತಟ್ಟೆಗಳಿಲ್ಲದ ಮನೆಗಳಲ್ಲಿಯೂ ಗಾಜಿನ ಬೀರುವಿನೊಳಗೆ ಸಿ.ಡಿ.ಗಳೂ ಡಿ.ವಿ.ಡಿ.ಗಳೂ ಉಂಟು. ಅವು ಗೀರುತ್ತವೆ, ಮಂಕಾಗುತ್ತವೆ, ಒಂದು ದಿನ ಯಂತ್ರಕ್ಕೆ ಹಾಕಿದರೆ ಮಾತನಾಡುವುದೇ ಇಲ್ಲ. ಬೆಲೆ ಕೊಟ್ಟು ಕೊಂಡ ತಟ್ಟೆಗೆ ಮೀಸಲು ಪ್ರತಿಯೊಂದನ್ನು ಮಾಡಿಟ್ಟುಕೊಳ್ಳಬಹುದೆ? ಮಾಡಿಕೊಂಡರೆ ಎಲ್ಲಿಯವರೆಗೆ ನ್ಯಾಯ, ಎಲ್ಲಿಂದ ಮುಂದೆ ಅಪರಾಧ? ಗೃಹಸ್ಥರಿಗೆ ತಿಳಿದಿರಬೇಕಾದ ಸಂಗತಿಯಿದು. ಆದರೆ ಹೆಚ್ಚಿನವರು "ಎಲ್ಲವೂ ತಪ್ಪು" ಎಂದು ಹೆದರುತ್ತಾರೆ, ಇಲ್ಲವೆ "ಯಾವುದೂ ತಪ್ಪಲ್ಲ" ಎಂದು ಧೈರ್ಯವಾಗಿರುತ್ತಾರೆ. ಎರಡೂ ಸರಿಯಲ್ಲ.

ಗುಬ್ಬಿಯ ಅಟ್ಟದಲ್ಲಿ ನಾಟಕದ ತಟ್ಟೆಗಳು ಸಿಕ್ಕುವುದೆಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ. 1884ರಲ್ಲಿ ಈ ಸಣ್ಣ ಊರಿನಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಗುಬ್ಬಿ ಕಂಪನಿಯೆಂದು ಪ್ರಖ್ಯಾತವಾಗಿ ನಾಡನ್ನೆಲ್ಲ ಸುತ್ತಿತು. 'ಸದಾರಮೆ'ಯಲ್ಲಿ ವೀರಣ್ಣನವರು ಕಟ್ಟುತ್ತಿದ್ದ ಕಳ್ಳನ ವೇಷ, 'ಕುರುಕ್ಷೇತ್ರ'ದಲ್ಲಿ ರಂಗಕ್ಕೆ ಬರುತ್ತಿದ್ದ ಆನೆ ಕುದುರೆಗಳು, ಇವನ್ನು ಕಂಡವರು ಮಕ್ಕಳಿಗೆ, ಮಕ್ಕಳು ಮೊಮ್ಮಕ್ಕಳಿಗೆ ಬಣ್ಣಿಸಿದ್ದಾರೆ. ಅಂದಿನ ವೃತ್ತಿನಾಟಕದಲ್ಲಿ ಮಾತಿಗಿಂತ ಹಾಡಿನ ಪಾಲು ದೊಡ್ಡದು. ಸಭಿಕರು "ಒನ್ಸ್ ಮೋರ್" ಎಂದು ಕೂಗಿದಷ್ಟು ಸಲವೂ ನಟ ಹಾಡಬೇಕು. ಒಂದೇ ಹಾಡು ರಾತ್ರಿಯನ್ನು ನುಂಗಿದರೂ ಯಾರಿಗೂ ಬೇಸರವಿಲ್ಲ. ಅಂತಹ ಹಾಡುಗಳೇ ತಟ್ಟೆಗೆ ಬಂದಾಗ ಮೂರು ನಿಮಿಷ ಚಿಲ್ಲರೆಗೆ ಕುಗ್ಗಬೇಕಾಯಿತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲು ಹಿಡಿಯುತ್ತಿದ್ದುದೇ ಅಷ್ಟು.

ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ಕಪ್ಪು ತಟ್ಟೆ ಬಹುಮಟ್ಟಿಗೆ ನಮ್ಮ ದೇಶದ ಕಾಡಿನ ವಸ್ತುವಿನಿಂದಲೇ ಆದುದು. ಮರದ ಕೊಂಬೆಗಳ ಮೇಲೆ ಅರಗಿನ ಹುಳು ಕಟ್ಟುವ ಅರಗನ್ನು ಶೋಧಿಸಿ, ಕಲ್ಲಿನ ಹಿಟ್ಟನ್ನೂ ಮಸಿಯನ್ನೂ ಬೆರೆಸಿ, ಬಿಸಿಯಲ್ಲಿ ಒತ್ತಿದರೆ ತಟ್ಟೆ ಸಿದ್ಧ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಇಂಗ್ಲೆಂಡಿನಿಂದ ಬಂದವರು ಹಿಡಿದುಕೊಂಡು ಹೋದ ಮೇಲೆ, 1908ರಲ್ಲಿ ಅದೇ ನಗರದಲ್ಲಿ ತಟ್ಟೆ ಒತ್ತುವ ಕಾರ್ಖಾನೆಯೂ ಬಂದಿತು. ಅರಗಿನ ತಟ್ಟೆ ಕೈಜಾರಿದರೆ ಹೆಂಚಿನಂತೆ ಒಡೆಯುತ್ತದೆ. ಉಕ್ಕಿನ ಮುಳ್ಳು ಪ್ರತಿ ಸಲವೂ ಅದರ ಗೀರನ್ನು ಒಂದಿಷ್ಟು ಕೆರೆಯುತ್ತದೆ. ಅಂದರೆ ಪ್ರೀತಿಯಿಂದ ಕೇಳಿದ ತಟ್ಟೆಯೇ ಮೊದಲು ಹಾಳಾಗುವುದು! ಪ್ರತಿಯೆಂಬುದು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಅದಕ್ಕೆ ಕಥೆ, ಸಂಭಾಷಣೆ, ಹಾಡುಗಳನ್ನು ಕೊಟ್ಟವರು ತುಮಕೂರಿನ ಬಳಿಯ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಇನ್ನು ವಕೀಲರ ಮಾತಿಗೆ ಬರಬಹುದು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. ಜಾರಿಗೆ ಬಂದುದು 1958ರ ಜನವರಿ 21ರಂದು. ತಟ್ಟೆಯನ್ನು ಕೊಂಡವನು ಅದನ್ನು ಕೇಳಬಹುದು, ಮಾರಬಹುದು, ದಾನ ಮಾಡಬಹುದು, ಬೇಕೆಂದರೆ ನೆಲಕ್ಕೆಸೆದು ಒಡೆಯಲೂಬಹುದು. ಆದರೆ ಅದರಂತಹುದೇ ಇನ್ನೊಂದನ್ನು ಮಾಡುವ ಹಕ್ಕು ಕೊಂಡ ಬೆಲೆಯಲ್ಲಿ ಸೇರಿರುವುದಿಲ್ಲ. ಅಷ್ಟೇ ಅಲ್ಲ, ಒಂದು ತಟ್ಟೆಯೊಳಗೆ ಒಬ್ಬರಲ್ಲ, ಹಲವರು ಒಡೆಯರು ಕುಳಿತಿರುತ್ತಾರೆ. ಹಾಡನ್ನು ಬರೆದ ಕವಿಗೆ ಒಂದು ಹಕ್ಕು, ಮಟ್ಟು ಹಾಕಿದವರಿಗೆ ಒಂದು ಹಕ್ಕು, ದನಿಯನ್ನು ಹಿಡಿದು ತಟ್ಟೆ ಮಾಡಿಸಿದ ಕಂಪನಿಗೆ ಮತ್ತೊಂದು ಹಕ್ಕು. ಹಾಡಿದವರಿಗೆ? ವಿಚಿತ್ರವೆಂದರೆ ಬಹಳ ಕಾಲ ಅವರಿಗೆ ಈ ಕಾಯಿದೆಯಲ್ಲಿ ಏನೂ ಇರಲಿಲ್ಲ. ಪ್ರಖ್ಯಾತ ನಟ ದೇವ್ ಆನಂದ್ ಅವರಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ, ನಟನ ಅಭಿನಯಕ್ಕೆ ಕೃತಿಸ್ವಾಮ್ಯವಿಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯ 1970ರ ದಶಕದಲ್ಲಿ ತೀರ್ಪಿತ್ತಿತು. 1994ರ ತಿದ್ದುಪಡಿಯಿಂದಲೇ ಗಾಯಕರಿಗೂ ನಟರಿಗೂ ತಮ್ಮದೆನ್ನುವ ಒಂದು ಹಕ್ಕು ದೊರೆತುದು. ರಂಗದ ಮೇಲೆ ಗಂಟಲು ಹರಿದುಕೊಂಡು ಹಾಡಿದವರ ಪಾಲಿಗೆ ಅದು ತುಂಬ ತಡವಾಗಿ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ.

ಈ ಹಕ್ಕುಗಳಿಗೆಲ್ಲ ಆಯುಷ್ಯವುಂಟು, ಒಂದೊಂದಕ್ಕೆ ಒಂದೊಂದು ಲೆಕ್ಕ. ಕವಿಯ ಹಕ್ಕು ಅವನ ಜೀವಮಾನವೆಲ್ಲ ಇದ್ದು, ತೀರಿಕೊಂಡ ಮರುವರ್ಷದ ಆರಂಭದಿಂದ ಇನ್ನೂ ಅರವತ್ತು ವರ್ಷ ಅವನ ವಾರಸುದಾರರಿಗಿರುತ್ತದೆ. ಧ್ವನಿಮುದ್ರಣದ ಹಕ್ಕಾದರೋ ಪ್ರಕಟವಾದ ಮರುವರ್ಷದಿಂದ ಅರವತ್ತು ವರ್ಷ. ಹಾಡಿದವರು ಬದುಕಿರಲಿ ಬಿಡಲಿ. ಮೊದಲು ಇದು ಐವತ್ತೇ ಆಗಿತ್ತು. 1941ರಲ್ಲಿ ಕಾಲವಾದ ರವೀಂದ್ರನಾಥ ಠಾಕೂರರ ಕೃತಿಗಳು 1991ರ ಕೊನೆಗೆ ಯಾರು ಬೇಕಾದರೂ ಅಚ್ಚು ಹಾಕಬಹುದಾದ ಸ್ಥಿತಿಗೆ ಬಂದಾಗ, ಸರ್ಕಾರ ಅವಸರವಾಗಿ ಹತ್ತು ವರ್ಷ ಕೂಡಿಸಿತು. ಬಂಗಾಳದ ಕವಿಯ ಸಲುವಾಗಿ ಆದ ತಿದ್ದುಪಡಿ ಕನ್ನಡದ ತಟ್ಟೆಗಳಿಗೂ ಅನ್ವಯಿಸಿತು.

ಈ ಲೆಕ್ಕವನ್ನು ಗುಬ್ಬಿಯ ಪೆಟ್ಟಿಗೆಗೆ ಹಚ್ಚಿ ನೋಡಿದರೆ ಸ್ವಾರಸ್ಯವಾಗಿದೆ. 1964ರಲ್ಲಿ ಹೊರಬಂದ ತಟ್ಟೆಯ ಧ್ವನಿಮುದ್ರಣದ ಹಕ್ಕು 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದಕ್ಕಿಂತ ಹಿಂದಿನ ತಟ್ಟೆಗಳ ಹಕ್ಕು ಇನ್ನೂ ಮೊದಲೇ ತೀರಿದೆ. ಆದುದರಿಂದ 1930ರ ಅಥವಾ 1940ರ ದಶಕದ ನಾಟಕದ ತಟ್ಟೆಯ ಮಟ್ಟಿಗೆ ಕಂಪನಿಯವರು ಬಂದು ಕೇಳುವಂತಿಲ್ಲ. ಅಷ್ಟರಮಟ್ಟಿಗೆ ತಾತನೇ ಗೆದ್ದರು. ಆದರೆ ಸಾಹಿತ್ಯದ ಮಾತು ಬೇರೆ. ಬೆಳ್ಳಾವೆಯ ಶಾಸ್ತ್ರಿಗಳು 1961ರಲ್ಲಿ ಕಾಲವಾದರು. ಅವರ ಹಾಡುಗಳ ಹಕ್ಕು 2021ರ ಕೊನೆಗೆ ತೀರಿತು. ಗುಬ್ಬಿ ಕಂಪನಿಗೆ 'ಕುರುಕ್ಷೇತ್ರ'ವನ್ನು ಬರೆದುಕೊಟ್ಟ ಬಿ. ಪುಟ್ಟಸ್ವಾಮಯ್ಯನವರು ಬದುಕಿದ್ದುದು 1984ರವರೆಗೆ. ಅವರ ಬರವಣಿಗೆಯ ಹಕ್ಕು 2044ರ ಕೊನೆಯವರೆಗೆ ನಿಲ್ಲುತ್ತದೆ. ಒಂದೇ ಪೆಟ್ಟಿಗೆಯ ಒಂದು ತಟ್ಟೆ ಎಲ್ಲರ ಸೊತ್ತು, ಅದಕ್ಕೆ ಅಂಟಿಕೊಂಡಿದ್ದ ಇನ್ನೊಂದರ ಸಾಹಿತ್ಯಕ್ಕೆ ಇನ್ನೂ ಒಡೆಯರುಂಟು! ಕವಿಯ ಹೆಸರಿಲ್ಲದೆ ಪ್ರಕಟವಾದ ಹಾಡಿಗೆ ಪ್ರಕಟಣೆಯಿಂದ ಅರವತ್ತು ವರ್ಷವೆಂಬ ಲೆಕ್ಕ. ಆ ಅವಧಿಯೊಳಗೆ ಹೆಸರು ಬೆಳಕಿಗೆ ಬಂದರೆ ಮತ್ತೆ ಕವಿಯ ಆಯುಷ್ಯದ ಲೆಕ್ಕ.

ಕುಣಿಗಲಿನ ಮಗಳು ಕೇಳಬಹುದಾದ ಪ್ರಶ್ನೆಯೂ ಒಂದಿದೆ. ತನ್ನೂರಿನ ಕೆರೆಯ ಅಂದವನ್ನು ಹಾಡುವ ಜನಪದ ಗೀತೆ ಕನ್ನಡ ಬಲ್ಲವರಿಗೆಲ್ಲ ಗೊತ್ತು. ಕಟ್ಟಿದವರ ಹೆಸರು ಯಾರೂ ಅರಿಯದ ಆ ಹಾಡಿಗೆ ಒಡೆಯರಿಲ್ಲ. ಹಾಗಾದರೆ ಅದರ ಸಿ.ಡಿ.ಗೆ ಎಷ್ಟು ಪ್ರತಿ ಬೇಕಾದರೂ ಮಾಡಬಹುದೆ? ಇಲ್ಲ. ಕೆರೆ ಊರಿನದು, ನೀರನ್ನು ಯಾರಾದರೂ ತರಬಹುದು. ಆದರೆ ಒಬ್ಬರು ತಂದು ತುಂಬಿಟ್ಟ ಕೊಡ ಅವರದು. ಆ ಹಾಡನ್ನು ಆಕೆ ತಾನೇ ಹಾಡಿ, ತನ್ನದೇ ತಟ್ಟೆ ಮಾಡಿ, ಮಾರಿದರೂ ಕೇಳುವವರಿಲ್ಲ. ಪ್ರಸಿದ್ಧ ಗಾಯಕರೊಬ್ಬರು ವಾದ್ಯಗೋಷ್ಠಿಯೊಡನೆ ಹಾಡಿ 1990ರಲ್ಲಿ ಪ್ರಕಟವಾದ ಮುದ್ರಣವಾದರೆ, ಅದರ ಹಕ್ಕು 2050ರವರೆಗೆ ಮಾಡಿಸಿದವರದು.

ಹಕ್ಕು ಇನ್ನೂ ಜೀವಂತವಾಗಿರುವ ತಟ್ಟೆಗೆ ಮನೆಯ ಮಟ್ಟಿಗೆ ಒಂದು ಪ್ರತಿ ಮಾಡಿಕೊಳ್ಳಬಹುದೆ ಎಂಬುದು ಮುಖ್ಯ ಪ್ರಶ್ನೆ. ಕಾಯಿದೆಯ 52ನೆಯ ಕಲಮು ಇದಕ್ಕೆ ಬಾಗಿಲು ತೆರೆದಿದೆ. ಖಾಸಗಿಯಾಗಿ ಅಥವಾ ಸ್ವಂತಕ್ಕೆಂದು ಕೃತಿಯೊಂದನ್ನು ನ್ಯಾಯೋಚಿತವಾಗಿ ಬಳಸಿಕೊಂಡರೆ ಅದು ಹಕ್ಕಿನ ಉಲ್ಲಂಘನೆಯಲ್ಲವೆಂದು ಅದು ಹೇಳುತ್ತದೆ. 2012ಕ್ಕೆ ಮೊದಲು ಈ ವಿನಾಯಿತಿ ಸಾಹಿತ್ಯ, ನಾಟಕ, ಸಂಗೀತ, ಚಿತ್ರಕಲೆಗಳಿಗೆ ಮಾತ್ರ ಇತ್ತು; ಧ್ವನಿಮುದ್ರಣವೂ ಚಲನಚಿತ್ರವೂ ಅದರಲ್ಲಿ ಸೇರಿರಲಿಲ್ಲ. ಪೇಟೆಯ ಅಂಗಡಿಗೆ ಹಾಡಿನ ಪಟ್ಟಿ ಬರೆದುಕೊಟ್ಟು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬರುತ್ತಿದ್ದ ಕಾಲವನ್ನು ನಡುವಯಸ್ಸಿನವರು ಮರೆತಿರಲಾರರು. ಅಂದು ಅದು ತಪ್ಪೆಂದು ಬಹುಮಂದಿಗೆ ಹೊಳೆದೂ ಇರಲಿಲ್ಲ. 2012ರ ತಿದ್ದುಪಡಿ ಕಂಪ್ಯೂಟರ್ ಕಾರ್ಯಕ್ರಮವೊಂದನ್ನು ಬಿಟ್ಟು ಉಳಿದೆಲ್ಲ ಕೃತಿಗಳಿಗೂ ಸ್ವಂತ ಬಳಕೆಯ ವಿನಾಯಿತಿಯನ್ನು ವಿಸ್ತರಿಸಿತು. ವಿದ್ಯುನ್ಮಾನ ಮಾಧ್ಯಮದಲ್ಲಿ ಕೂಡಿಟ್ಟುಕೊಳ್ಳುವುದನ್ನೂ ಒಪ್ಪಿತು. ಕೊಂಡ ಸಿ.ಡಿ.ಯನ್ನು ಕಂಪ್ಯೂಟರಿಗೆ ಇಳಿಸಿ, ಕೆಟ್ಟಾಗ ಕೇಳಲೆಂದು ಇಟ್ಟುಕೊಳ್ಳುವ ಗೃಹಸ್ಥನ ಆಧಾರ ಇದೇ. ಅಂಗಡಿಯವನು ಹಣ ಪಡೆದು ತುಂಬಿಕೊಡುವುದು ಈ ಬಾಗಿಲಿನಲ್ಲಿ ತೂರುವುದಿಲ್ಲ. ಅವನಿಗೆ ಅದು ವ್ಯಾಪಾರವೇ ಹೊರತು ಸ್ವಂತ ಬಳಕೆಯಲ್ಲ.

'ಸ್ವಂತ' ಎಂದರೆ ಎಷ್ಟು ದೂರ? ಕಾಯಿದೆ ಗೆರೆ ಎಳೆದಿಲ್ಲ. 'ನ್ಯಾಯೋಚಿತ' ಎಂಬುದಕ್ಕೂ ಅಳತೆಗೋಲನ್ನು ಕೊಟ್ಟಿಲ್ಲ. ಅದನ್ನು ನ್ಯಾಯಾಲಯಗಳು ಒಂದೊಂದು ಮೊಕದ್ದಮೆಯಲ್ಲಿ ತೂಗಿ ನೋಡುತ್ತವೆ. ನಾಟಕಕ್ಕೆ ಪ್ರತಿನಾಟಕ ಬರೆದವರೊಬ್ಬರ ಮೊಕದ್ದಮೆಯಲ್ಲಿ ಕೇರಳದ ಉಚ್ಚ ನ್ಯಾಯಾಲಯ 1996ರಲ್ಲಿ ಮೂರು ಸಂಗತಿಗಳನ್ನು ನೋಡಿತು: ತೆಗೆದುಕೊಂಡುದು ಎಷ್ಟು, ಉದ್ದೇಶವೇನು, ಮೂಲಕೃತಿಗೆ ಅದು ಪೈಪೋಟಿಯಾಗುವುದೆ. ಇದೇ ತಕ್ಕಡಿಯಲ್ಲಿಟ್ಟರೆ, ಕುಣಿಗಲಿನ ಅತ್ತೆ ತವರಿಗೆ ಬಂದಾಗ ಕೂಡಿ ಕುಳಿತು ಕೇಳುವುದಕ್ಕೆ ಯಾರೂ ಆಕ್ಷೇಪಿಸಲಾರರು. ಆಕೆಗೊಂದು ಪ್ರತಿ ಮಾಡಿಕೊಡುವುದು ಗೆರೆಯ ಅಂಚಿನ ಮೇಲೆ ನಿಲ್ಲುತ್ತದೆ. ಆಕೆ ಅಂಗಡಿಯಲ್ಲಿ ಕೊಳ್ಳಬಹುದಾಗಿದ್ದ ತಟ್ಟೆಯಾದರೆ ಗೆರೆಯ ಆಚೆಗೇ ಎನ್ನಬೇಕು. ಮುನ್ನೂರು ಜನರಿರುವ ಮೊಬೈಲ್ ಗುಂಪಿಗೆ ಹಾಕಿ "ಇದು ನಮ್ಮ ಸ್ವಂತ ಬಳಕೆ" ಎಂದರೆ ಯಾವ ನ್ಯಾಯಾಧೀಶರೂ ನಂಬುವುದಿಲ್ಲ. ಮೂಲ ತಟ್ಟೆಯನ್ನು ಮಾರಿ ಪ್ರತಿಯನ್ನು ಉಳಿಸಿಕೊಳ್ಳುವುದೂ ಸಭ್ಯವಾದ ಲೆಕ್ಕವಲ್ಲ.

ಈ ವಿಷಯದಲ್ಲಿ ನಮ್ಮ ಕಾಯಿದೆ ಕೆಲವು ದೇಶಗಳಿಗಿಂತ ಉದಾರವಾಗಿದೆ ಎಂದರೆ ಆಶ್ಚರ್ಯವೆನಿಸಬಹುದು. ಬ್ರಿಟನ್ನಿನಲ್ಲಿ 2014ರ ಅಕ್ಟೋಬರಿನಲ್ಲಿ, ಕೊಂಡವನು ಸ್ವಂತಕ್ಕೆ ಪ್ರತಿ ಮಾಡಿಕೊಳ್ಳಬಹುದೆಂದು ನಿಯಮ ಬಂದಿತು. ಸಂಗೀತಗಾರರ ಸಂಘಗಳು ಮೊಕದ್ದಮೆ ಹೂಡಿದುವು; ಮರುವರ್ಷ ಜುಲೈನಲ್ಲಿ ಉಚ್ಚ ನ್ಯಾಯಾಲಯ ಆ ನಿಯಮವನ್ನೇ ರದ್ದುಪಡಿಸಿತು. ಕಲಾವಿದರಿಗೆ ಪರಿಹಾರವಿಲ್ಲದೆ ಇಂತಹ ಅನುಮತಿ ಕೊಡಲು ಸರ್ಕಾರದ ಬಳಿ ತಕ್ಕ ಆಧಾರವಿರಲಿಲ್ಲವೆಂಬುದು ಕಾರಣ. ಜರ್ಮನಿಯವರು 1965ರಲ್ಲಿಯೇ ಬೇರೆ ಹಾದಿ ಹಿಡಿದಿದ್ದರು. ಮನೆಯಲ್ಲಿ ಪ್ರತಿ ಮಾಡಿಕೊಳ್ಳುವುದನ್ನು ತಡೆಯಲಾಗದೆಂದು ಒಪ್ಪಿ, ಧ್ವನಿಮುದ್ರಣ ಯಂತ್ರಗಳ ಬೆಲೆಯಲ್ಲಿಯೇ ಕಲಾವಿದರಿಗೊಂದು ಪಾಲು ವಸೂಲುಮಾಡಿದರು. ನಮ್ಮಲ್ಲಿ ಅಂತಹ ಏರ್ಪಾಡಿಲ್ಲ. ಹಾಡಿದವರಿಗೆ ಸಲ್ಲುವುದು ಕೇಳುವವರ ಮರ್ಯಾದೆಯನ್ನು ನೆಚ್ಚಿಕೊಂಡಿದೆ.

ಡಿ.ವಿ.ಡಿ.ಯ ಮಾತಿನಲ್ಲಿ ಇನ್ನೊಂದು ತೊಡಕುಂಟು: ಅದಕ್ಕೆ ಬೀಗವಿದೆ. ಚಿತ್ರವನ್ನು ಸಂಕೇತಭಾಷೆಯಲ್ಲಿ ಬರೆದು, ಪರವಾನಗಿ ಪಡೆದ ಯಂತ್ರ ಮಾತ್ರ ಓದುವಂತೆ ಮಾಡಿರುತ್ತಾರೆ. 1999ರಲ್ಲಿ ನಾರ್ವೆ ದೇಶದ ಯೋನ್ ಲೆಕ್ ಯೋಹಾನ್ಸೆನ್ ಎಂಬ ಹದಿನೈದರ ಹುಡುಗ, ತನ್ನ ಕಂಪ್ಯೂಟರಿನಲ್ಲಿ ಚಿತ್ರ ನೋಡಲು ಈ ಬೀಗ ತೆಗೆಯುವ ಉಪಾಯವನ್ನು ಹೊರಗೆಡವಿದ. ಅವನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಿತು. 2003ರಲ್ಲಿ ಎರಡು ನ್ಯಾಯಾಲಯಗಳೂ ಅವನನ್ನು ಬಿಡುಗಡೆ ಮಾಡಿದುವು; ಕೊಂಡ ತಟ್ಟೆಯನ್ನು ನೋಡುವುದು ಅವನ ಹಕ್ಕೆಂದುವು. ನಮ್ಮ ಕಾಯಿದೆಗೆ ಬೀಗದ ಕಲಮು 2012ರಲ್ಲಿ ಸೇರಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಮೇಲೆ ದಂಡ. 'ಉದ್ದೇಶದಿಂದ' ಎಂಬ ಮಾತೇ ಇಲ್ಲಿ ಜೀವಾಳ. ಕಾಯಿದೆ ನಿಷೇಧಿಸದ ಕೆಲಸಕ್ಕಾಗಿ ತೆರೆದರೆ ಅಪರಾಧವಿಲ್ಲ. ಆದರೆ ಇನ್ನೊಬ್ಬರಿಗಾಗಿ ಬೀಗ ತೆಗೆದುಕೊಡುವವನು ಅವರ ಹೆಸರು, ವಿಳಾಸ, ಉದ್ದೇಶಗಳನ್ನು ಬರೆದಿಟ್ಟುಕೊಂಡಿರಲೇಬೇಕು. ಗಿರವಿ ಅಂಗಡಿಯ ಖಾತೆಪುಸ್ತಕದಂತೆ!

ಕಂಪ್ಯೂಟರ್ ಕಾರ್ಯಕ್ರಮಗಳ ತಟ್ಟೆಗೆ ಮಾತ್ರ ಕಾಯಿದೆ ಸ್ಪಷ್ಟವಾಗಿ ಮೀಸಲು ಪ್ರತಿಯ ಮಾತೆತ್ತಿದೆ. ನ್ಯಾಯವಾಗಿ ಅದನ್ನು ಹೊಂದಿರುವವನು, ಕಳೆದುಹೋಗುವುದು, ಕೆಡುವುದು, ನಾಶವಾಗುವುದು ಇವುಗಳಿಂದ ತಾತ್ಕಾಲಿಕ ರಕ್ಷಣೆಗೆಂದು ಪ್ರತಿ ಮಾಡಿಕೊಳ್ಳಬಹುದು. ಅದೂ ಯಾವ ಕೆಲಸಕ್ಕೆಂದು ಕೊಂಡನೋ ಆ ಕೆಲಸಕ್ಕಾಗಿ ಮಾತ್ರ. ನೆರೆಯವರ ಯಂತ್ರಕ್ಕೂ ಅದನ್ನೇ ಹಾಕಿಕೊಟ್ಟರೆ ಉಪಕಾರವಾದೀತು, ಮೀಸಲು ಪ್ರತಿಯಾಗದು.

ಮದುವೆಯ ಸಿ.ಡಿ.ಯ ವಿಷಯವಾಗಿ ತಾಯಂದಿರು ನಿಶ್ಚಿಂತೆಯಾಗಿರಬಹುದು. ಹಣ ಕೊಟ್ಟು ಹೇಳಿ ಮಾಡಿಸಿದ ಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರೇ ಮೊದಲ ಒಡೆಯರು. ಎಷ್ಟು ಪ್ರತಿಯಾದರೂ ಮಾಡಿ ಬೀಗರಿಗೆ ಹಂಚಬಹುದು. ಧಾರೆಯ ದೃಶ್ಯದ ಹಿಂದೆ ಚಿತ್ರಗಾರನು ಸೇರಿಸಿದ ಸಿನಿಮಾ ಹಾಡು ಮಾತ್ರ ಅವರದಲ್ಲ.

ಗೆರೆ ದಾಟಿದರೆ ಶಿಕ್ಷೆ ಹಗುರವಲ್ಲ. ತಿಳಿದೂ ತಿಳಿದು ಹಕ್ಕನ್ನು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದುದಲ್ಲವೆಂದು ಕಂಡರೆ, ತಕ್ಕ ಕಾರಣ ಬರೆದು ನ್ಯಾಯಾಲಯ ಕಡಿಮೆ ಮಾಡಬಹುದು. ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧವಿದೆಂದು ಸರ್ವೋಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ಹೇಳಿತು. ಜನರು ಗೂಂಡಾ ಕಾಯಿದೆಯೆಂದು ಕರೆಯುವ ಕರ್ನಾಟಕದ 1985ರ ಕಾಯಿದೆಯ ಉದ್ದನೆಯ ಹೆಸರಿನಲ್ಲಿ ಜೂಜುಕೋರರು, ಕಳ್ಳಭಟ್ಟಿಯವರು ಮೊದಲಾದವರ ಸಾಲಿನಲ್ಲಿ ಚಿತ್ರ ಮತ್ತು ಧ್ವನಿಗಳ್ಳರೂ ಸೇರಿದ್ದಾರೆ. 2014ರಲ್ಲಿ ಡಿಜಿಟಲ್ ಅಪರಾಧಿಗಳನ್ನೂ ಸೇರಿಸಲಾಯಿತು. ಕಳ್ಳ ಸಿ.ಡಿ. ಮಾರುವವನಿಗೆಂದು ಹೆಣೆದ ಬಲೆಯಲ್ಲಿ ಕಾಲೇಜಿನ ಹುಡುಗನೊಬ್ಬ ಹುಡುಗಾಟಕ್ಕೆ ಸಿಕ್ಕಿಬೀಳಬಾರದಷ್ಟೆ.

ಹಂಚಲೇಬೇಕೆಂಬ ಆಸೆಯುಳ್ಳ ಮೊಮ್ಮಗನಿಗೆ ಹಾದಿಯಿಲ್ಲದಿಲ್ಲ. ಲಾಭದ ದೃಷ್ಟಿಯಿಲ್ಲದ ಸಾರ್ವಜನಿಕ ಗ್ರಂಥಾಲಯ, ತನ್ನಲ್ಲಿರುವ ಹಳೆಯ ರೂಪದ ಕೃತಿಯನ್ನು ಉಳಿಸುವ ಸಲುವಾಗಿ ವಿದ್ಯುನ್ಮಾನ ಪ್ರತಿ ಮಾಡಿಡಬಹುದೆಂದು 2012ರ ತಿದ್ದುಪಡಿ ಒಪ್ಪಿದೆ. ತಟ್ಟೆಗಳನ್ನು ಅಂತಹ ಗ್ರಂಥಾಲಯಕ್ಕೆ ಒಪ್ಪಿಸಿದರೆ ಆ ಕೆಲಸ ನ್ಯಾಯವಾಗಿಯೇ ನಡೆಯುತ್ತದೆ.

ಪ್ರತಿ ಮಾಡುವ ಮುನ್ನ ಒಂದೆರಡು ಎಚ್ಚರಿಕೆ. ಅರಗಿನ ತಟ್ಟೆಯ ಬೂಷ್ಟನ್ನು ಒರೆಸಲು ಸ್ಪಿರಿಟ್ ಮುಟ್ಟಿಸಲೇಬಾರದು. ಬಡಗಿ ಮರಕ್ಕೆ ಪಾಲಿಷ್ ಮಾಡಲು ಅರಗನ್ನು ಕರಗಿಸುವುದು ಅದರಿಂದಲೇ. ಬಟ್ಟಿ ಇಳಿಸಿದ ನೀರು, ಮೆತ್ತನೆಯ ಬಟ್ಟೆ ಸಾಕು. ನಡುವಿನ ಚೀಟಿ ನೆನೆಯಬಾರದು. ಎಲ್.ಪಿ. ತಟ್ಟೆಯ ಸಣ್ಣ ಮುಳ್ಳು 78ರ ಅಗಲವಾದ ಗೀರಿಗೆ ಸಲ್ಲದು. ಸಿ.ಡಿ.ಯಲ್ಲಿ ಹೊಳೆಯುವ ಮಗ್ಗುಲಿಗಿಂತ ಹೆಸರು ಬರೆಯುವ ಮಗ್ಗುಲೇ ಸುಕುಮಾರ. ಧ್ವನಿಯ ಪದರ ಇರುವುದು ಅದರ ಕೆಳಗೇ, ಬರಿಯ ಮೆರುಗಿನ ಹೊದಿಕೆಯಡಿಯಲ್ಲಿ. ಚೂಪಾದ ಪೆನ್ನಿನಿಂದ ಅದರ ಮೇಲೆ ಬರೆದವರು ಹಾಡನ್ನೇ ಗೀಚಿದಂತೆ. ಮನೆಯಲ್ಲಿ ಬರೆದುಕೊಂಡ ಸಿ.ಡಿ.ಯ ಬಣ್ಣ ಬಿಸಿಲಿಗೆ ಮಾಸುತ್ತದೆ. ಆದುದರಿಂದ ಪ್ರತಿಗೂ ಆಗಾಗ ಒಂದು ಪ್ರತಿ ಬೇಕು.

ಯಂತ್ರಕ್ಕೆ ತಟ್ಟೆಯನ್ನು ಏರಿಸುವ ಮೊದಲೇ ಆಗಬೇಕಾದ ಇನ್ನೊಂದು ಕೆಲಸವಿದೆ. ಹಾಡಿದವರು ಯಾರು, ಬರೆದವರು ಯಾರು, ಯಾವ ಕಂಪನಿಯ ಎಷ್ಟನೆಯ ಸಂಖ್ಯೆಯ ತಟ್ಟೆ ಎಂಬುದನ್ನು ಗುರುತುಮಾಡಿಕೊಳ್ಳಬೇಕು. ಹಕ್ಕು ಇದೆಯೋ ತೀರಿತೋ ಎಂಬ ಲೆಕ್ಕವೆಲ್ಲ ನಿಂತಿರುವುದು ಆ ಹೆಸರುಗಳ ಮೇಲೆ. ಗುಬ್ಬಿಯ ಆ ಮನೆಯ ಪೆಟ್ಟಿಗೆಯಲ್ಲಿ ಮೂರು ನಾಲ್ಕು ತಟ್ಟೆಗಳ ಚೀಟಿಯನ್ನು ಹುಳು ತಿಂದಿದೆ. ಅವುಗಳಲ್ಲಿ ಹಾಡುತ್ತಿರುವ ದನಿ ಯಾರದೆಂದು ಕೇಳಿದೊಡನೆ ಹೇಳಬಲ್ಲವರು ಈಗ ಮನೆಯಲ್ಲಿ ತಾತ ಒಬ್ಬರೇ. ಮೊಮ್ಮಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೋಟುಪುಸ್ತಕ ತೆರೆದು, ಮೊದಲ ತಟ್ಟೆಯನ್ನು ಕೈಗೆತ್ತಿಕೊಳ್ಳಬಹುದು.